ಕಾರಿನ ಸಣ್ಣ ನೆಗ್ಗು: ಬಣ್ಣ ಬಳಿಸುವ ಮುನ್ನ ಲೆಕ್ಕ ಹಾಕಿ

ವಾಹನ ನಿಲ್ಲಿಸಿದ ಸ್ಥಳದಲ್ಲಿ ಪಕ್ಕದ ಕಾರಿನ ಬಾಗಿಲು ತಾಗಿ ಉಂಟಾಗುವ ನೆಗ್ಗು ಬಹುಮಟ್ಟಿಗೆ ಒಂದು ನಾಣ್ಯದ ಗಾತ್ರವನ್ನು ಮೀರುವುದಿಲ್ಲ, ಬಣ್ಣವೂ ಎದ್ದಿರುವುದಿಲ್ಲ. ಆದರೂ ಗ್ಯಾರೇಜಿನಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ಟಿಂಕರಿಂಗ್ ಮಾಡಿಸಿ, ಪುಟ್ಟಿ ಹಚ್ಚಿಸಿ, ಇಡೀ ಬಾಗಿಲಿಗೆ ಬಣ್ಣ ಹೊಡೆಸಿ, ಖರ್ಚಿಗೆ ವಿಮೆ ಇದ್ದೇ ಇದೆ. ಅಂಗಡಿಯಲ್ಲಿ ರೂಪಾಯಿ ರೂಪಾಯಿಗೂ ಲೆಕ್ಕವಿಡುವ ವ್ಯಾಪಾರಿಗಳೂ ಈ ಸಲಹೆಯನ್ನು ಪ್ರಶ್ನಿಸದೆ ಒಪ್ಪುವುದು ಆಶ್ಚರ್ಯಕರ.

ಬಣ್ಣಕ್ಕೆ ಧಕ್ಕೆಯಾಗದಂತೆ ನೆಗ್ಗು ತೆಗೆಯುವ ವಿಧಾನವೊಂದಿದೆ. ಕುಶಲ ಕೆಲಸಗಾರನು ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿ ಅಥವಾ ಗಾಜಿನ ಸಂದಿಯಿಂದ ಉಕ್ಕಿನ ಸಲಾಕೆಯನ್ನು ತೂರಿಸಿ, ತಗಡನ್ನು ಹಿಂಬದಿಯಿಂದ ಸ್ವಲ್ಪಸ್ವಲ್ಪವೇ ಒತ್ತುತ್ತಾನೆ. ಹೊರಗಡೆ ಪಟ್ಟೆಗಳುಳ್ಳ ದೀಪವನ್ನಿರಿಸಿ, ಬಣ್ಣದ ಮೇಲೆ ಮೂಡುವ ಪಟ್ಟೆಗಳ ಪ್ರತಿಬಿಂಬ ನೇರವಾಗುವವರೆಗೂ ಈ ಕೆಲಸ ಸಾಗುತ್ತದೆ. ಸಲಾಕೆ ಎಟುಕದ ಕಡೆ ಬಿಸಿ ಅಂಟಿನಿಂದ ಬಿಲ್ಲೆಯೊಂದನ್ನು ಅಂಟಿಸಿ ಹೊರಕ್ಕೆಳೆಯುವುದುಂಟು. ಬಣ್ಣ ಬಿರಿದಿದ್ದರೆ, ತಗಡು ಹಿಗ್ಗಿದ್ದರೆ ಅಥವಾ ಮಡಿಕೆಯ ಅಂಚು ಮುರಿದಿದ್ದರೆ ಇದು ನಡೆಯದು. ಪ್ಲಾಸ್ಟಿಕ್ ಬಂಪರಿಗೆ ಈ ಮಾತು ಅನ್ವಯಿಸುವುದಿಲ್ಲ. ಕಾರ್ಖಾನೆಯಲ್ಲಿ ಬಣ್ಣವನ್ನು ಬರಿಯ ತಗಡಿನ ಮೇಲೆಯೇ ಹೆಚ್ಚಿನ ಶಾಖದಲ್ಲಿ ಬೇಯಿಸಿರುತ್ತಾರೆ. ರಬ್ಬರು, ವೈರು, ಗಾಜು ಜೋಡಿಸಿದ ನಂತರ ಗ್ಯಾರೇಜಿನಲ್ಲಿ ಅಷ್ಟು ಶಾಖ ಕೊಡಲಾಗದು. ಹಳೆಯ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಉಪಕರಣ ಹಿಡಿದು ಬರುವ ಈ ಕಾಲದಲ್ಲಿ ಮೂಲ ಬಣ್ಣಕ್ಕೆ ಬೆಲೆಯಿದೆ.

ಇನ್ನು ವಿಮೆಯ ಲೆಕ್ಕ. ಕ್ಲೇಮ್ ಮಾಡದ ಮಾಲೀಕನಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45, 50ರಷ್ಟು ನೋ ಕ್ಲೇಮ್ ಬೋನಸ್ ದೊರೆಯುತ್ತದೆ. ಶೇ. 50ನ್ನು ತಲುಪಿದವನು ಒಂದೇ ಒಂದು ಕ್ಲೇಮ್ ಮಾಡಿದರೂ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗಿಳಿಯುತ್ತದೆ. ಮತ್ತೆ ಮೆಟ್ಟಿಲು ಹತ್ತುವಷ್ಟರಲ್ಲಿ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು ಶೇ. 50, 30, 25, 15 ಮತ್ತು 5, ಒಟ್ಟು ಶೇ. 125. ಬೋನಸ್‌ಗೆ ಮುಂಚಿನ ಪ್ರೀಮಿಯಂ ₹12,000 ಎಂದು ಹಿಡಿದು, ಅದು ಬದಲಾಗದೆಂದು ಭಾವಿಸಿದರೆ ನಷ್ಟ ₹15,000. ವಾಹನದ ಮೌಲ್ಯ ಇಳಿದಂತೆ ಈ ಮೊತ್ತ ಕೊಂಚ ತಗ್ಗಬಹುದು.

ಪಡೆಯುವುದೆಷ್ಟು? ಬಣ್ಣದ ಬಿಲ್ಲು ₹6,000 ಎನ್ನೋಣ. ಸಾಮಾನ್ಯ ಪಾಲಿಸಿಯಲ್ಲಿ ಅದರ ಕಾಲು ಭಾಗವನ್ನು ಸಾಮಗ್ರಿಯ ವೆಚ್ಚವೆಂದು ಪರಿಗಣಿಸಿ, ಅದರ ಮೇಲೆ ಶೇ. 50 ಸವಕಳಿ, ಅಂದರೆ ₹750 ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ₹1,000. ಕೈಗೆ ಬರುವುದು ₹4,250. ಬೋನಸ್ ರಕ್ಷಣೆಯ ಹೆಚ್ಚುವರಿ ಕವಚ ಪಡೆದವರ ಮಾತು ಬೇರೆ. ಆದರೆ ಅದಕ್ಕೂ ಮಿತಿಗಳಿವೆ, ಅದಕ್ಕೂ ಪ್ರೀಮಿಯಂ ತೆತ್ತಿರುತ್ತಾರೆ.

ವಿಮೆಗೆ ಹೋಗದೆ ದುರಸ್ತಿಯ ಬಿಲ್ಲನ್ನು ವ್ಯಾಪಾರದ ಲೆಕ್ಕಕ್ಕೆ ಹಾಕಿದರೂ, ಅದರ ಮೇಲಿನ ಶೇ. 18 ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಟ್ಯಾಕ್ಸಿ, ವಾಹನ ಮಾರಾಟ ಮುಂತಾದ ಕೆಲವು ವ್ಯವಹಾರಗಳನ್ನು ಬಿಟ್ಟರೆ, ಜನರನ್ನು ಸಾಗಿಸುವ ಸಣ್ಣ ವಾಹನಗಳ ದುರಸ್ತಿಗೆ ಕಾಯ್ದೆಯ ಕಲಂ 17(5) ಅಡ್ಡಬರುತ್ತದೆ.

ಹೀಗಿದ್ದೂ ಈ ಕೆಲಸ ಏಕೆ ಹರಡಿಲ್ಲ? ದೋಷ ಗ್ಯಾರೇಜಿನವರದಷ್ಟೇ ಅಲ್ಲ. "ಬಣ್ಣವಿಲ್ಲ, ಪುಟ್ಟಿಯಿಲ್ಲ, ಒಂದು ಗಂಟೆಯ ಕೆಲಸಕ್ಕೆ ಇಷ್ಟೇಕೆ?" ಎಂದು ಕೇಳುವ ಗ್ರಾಹಕನೇ ದೊಡ್ಡ ಅಡಚಣೆ. ಆಭರಣದಲ್ಲಿ ಚಿನ್ನದ ಬೆಲೆಯ ಜೊತೆ ಮಜೂರಿಯನ್ನು ಪ್ರತ್ಯೇಕ ಬಾಬತ್ತೆಂದು ಒಪ್ಪುವ ಸಮಾಜ, ತಗಡಿನ ಕುಶಲಕರ್ಮಿಗೆ ಮಾತ್ರ ಸಾಮಗ್ರಿಯ ತೂಕದಲ್ಲಿ ಕೂಲಿ ಅಳೆಯುತ್ತದೆ. ಗ್ಯಾರೇಜಿನ ಮಾಲೀಕರೂ ಈ ಕೆಲಸವನ್ನು ಬಣ್ಣದ ಬಿಲ್ಲಿನೊಳಗೆ ಅಡಗಿಸದೆ, ನೆಗ್ಗಿನ ಅಗಲ, ಆಳ, ಅದು ಬಿದ್ದ ಸ್ಥಳ, ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದನ್ನು ನೋಡಿ ದರಪಟ್ಟಿ ಮಾಡಿ ಗೋಡೆಗೆ ಹಾಕಬೇಕು. ಸಲಾಕೆಗಳ ಒಂದು ಕಟ್ಟು ಮತ್ತು ದೀಪಕ್ಕೆ ತಗಲುವ ಬಂಡವಾಳ ಬಣ್ಣದ ಬೂತಿನ ಮುಂದೆ ಏನೂ ಅಲ್ಲ. ನಿಜವಾದ ಹೂಡಿಕೆ ಕಲಿಯುವ ಹುಡುಗನ ತಿಂಗಳುಗಳು. ಆ ಅವಧಿಯ ಸಂಬಳವನ್ನು ಮಾಲೀಕನು ಮೊದಲೇ ದರದಲ್ಲಿ ಸೇರಿಸಿಕೊಳ್ಳಬೇಕು. ಅಭ್ಯಾಸಕ್ಕೆ ಗುಜರಿಯಿಂದ ತಂದ ಹಳೆಯ ಬಾನೆಟ್ ಸಾಕು.