ಬಿರುದು ಕೊಡುವವರು ಯಾರು?

ಬೆಂಗಳೂರು ಎಂಬ ಹೆಸರು ಈವರೆಗೆ ತಿಳಿದಂತೆ ಮೊದಲು ಕಾಣಿಸಿಕೊಳ್ಳುವುದು ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಶಾಸನದಲ್ಲಿ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಕಲ್ಲು. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟನಸೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತ ಎಂಬುದು ಅದರ ಸುದ್ದಿ. ಅಬ್ಬರವಿಲ್ಲ.

ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವಂತೆ, ಎದುರಾಳಿ ವೀರಮಹೇಂದ್ರನ ಮೇಲಿನ ಯುದ್ಧದಲ್ಲಿ ನಾಗತ್ತರ ಮಡಿದ. ಬಳಿಕ ಗಂಗ ಅರಸ ಎರೆಯಪ್ಪನು ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ, ‘ಬೆಂಪೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಉಂಬಳಿ ಬಿಟ್ಟ. ಹೆಸರಿಗೆ ಬೆಲೆ ಆಗಲೂ ಇತ್ತು, ಊರುಗಳ ಲೆಕ್ಕದಲ್ಲಿ. ಹಾಗಾಗಿ ಹಿಂದಿನವರು ನಿಃಸ್ವಾರ್ಥಿಗಳು ಎಂದು ನಾನು ಹೇಳಹೊರಟಿಲ್ಲ. ಆದರೆ ಆ ಹೆಸರಿಗೆ ಕಣ್ಣಾರೆ ಕಂಡ ಸಾಕ್ಷಿಗಳಿದ್ದರು, ಪಟ್ಟವನ್ನು ಇನ್ನೊಬ್ಬರು ಕಟ್ಟುತ್ತಿದ್ದರು.

ಈಗ ಬೇಗೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಯಾಬ್‌ನೊಳಗೆ ಕುಳಿತ ಎಂಜಿನಿಯರ್ ತನ್ನ ಪಟ್ಟವನ್ನು ತಾನೇ ಕಟ್ಟಿಕೊಳ್ಳಬೇಕು. ಪ್ರತಿಯೊಬ್ಬರೂ ಒಂದು ಬ್ರ್ಯಾಂಡ್ ಎಂಬ ಮಾತನ್ನು ಅಮೆರಿಕದ ಟಾಮ್ ಪೀಟರ್ಸ್ 1997ರಲ್ಲೇ ಪತ್ರಿಕೆಯೊಂದರಲ್ಲಿ ಬರೆದು ಹಬ್ಬಿಸಿದರು. 2003ರಲ್ಲಿ ಶುರುವಾದ ಲಿಂಕ್ಡ್‌ಇನ್ ಅದಕ್ಕೆ ಅಂಗಡಿ ಹಾಕಿಕೊಟ್ಟಿತು. ಎರಡು ವರ್ಷದ ಅನುಭವಕ್ಕೇ ‘ಥಾಟ್ ಲೀಡರ್’. ಹತ್ತು ಜನರ ತಂಡ ಮಾಡಿದ ಕೆಲಸಕ್ಕೆ ಹತ್ತು ಪ್ರೊಫೈಲ್‌ಗಳಲ್ಲೂ ‘ನಾನೇ ಮುನ್ನಡೆಸಿದೆ’. ಬಿರುದು ಬಾವಲಿಗಳ ಆಸ್ಥಾನಗಳೂ ಇಷ್ಟು ಉದಾರವಾಗಿರಲಿಲ್ಲವೇನೋ!

ಇದನ್ನು ಬರೀ ಹುಡುಗರ ಚಪಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಹಲವು ಕಂಪನಿಗಳಲ್ಲಿ ಕೆಲಸದ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಜರಡಿ ಹಿಡಿಯುತ್ತದೆ. ಅದು ಹುಡುಕುವುದು ಪದಗಳನ್ನು. ಪದ ಇಲ್ಲದವನು ಹಿಂದೆ ಬೀಳಬಹುದು. ಹಾಗಾಗಿ ಪದಗಳು ಕೆಲಸಕ್ಕಿಂತ ಮುಂದೆ ಓಡುತ್ತವೆ. ಇನ್ನೂ ಮುಂದೆ ಓಡಿದವರನ್ನು ಐಟಿ ವಲಯದ ಆಡುಮಾತು ‘ಫೇಕ್ ಹಾಕಿದವರು’ ಎನ್ನುತ್ತದೆ. ಇಲ್ಲದ ಕಂಪನಿಗಳ ಅನುಭವ ಪತ್ರ ಕೊಟ್ಟಿದ್ದ ನೌಕರರನ್ನು 2022ರಲ್ಲಿ ಆಕ್ಸೆಂಚರ್ ಭಾರತದಲ್ಲಿ ಹೊರಹಾಕಿತು. ಅಂಥ ಪತ್ರ ಅಪರಾಧ, ಉಬ್ಬಿಸಿದ ಪ್ರೊಫೈಲ್ ಬರೀ ಜಾಹೀರಾತು. ಆದರೂ ಎರಡನ್ನೂ ಸಾಕುವುದು ಒಂದೇ ಸಂತೆ. ಅದರಲ್ಲಿ ಹೆಚ್ಚು ನಷ್ಟ ಆಗುವುದು ಕೆಲಸ ಬಲ್ಲ, ಮಾತು ಬಾರದವರಿಗೆ: ಹಾಸನದಿಂದಲೋ ಕೊಪ್ಪಳದಿಂದಲೋ ಬಂದು, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ತಡವರಿಸುವವರಿಗೆ.

ಅವರಿಗೆ ‘ನೀನು ನೀನಾಗಿರು’ ಎಂಬ ಉಪದೇಶ ಸಾಲದು. ಮಾಡಿದ್ದೇನು, ಯಾರೊಂದಿಗೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಎಂದು ಬುಟ್ಟನಸೆಟ್ಟಿಯ ಕಲ್ಲಿನಷ್ಟೇ ನೇರವಾಗಿ ಬರೆದರೆ, ಹಿಂದಿನ ಮೇಲಧಿಕಾರಿಗೆ ಒಂದು ಫೋನ್ ಮಾಡಿ ಅದನ್ನು ತಾಳೆ ನೋಡಬಹುದು. ಆದರೆ ಆ ಫೋನ್ ಮಾಡುವ ವ್ಯವಧಾನ ಕಂಪನಿಗೆ ಇರಬೇಕು. ಆರು ತಿಂಗಳು ಪ್ರಾಜೆಕ್ಟ್ ಇಲ್ಲದೆ ಕೂತವನು ‘ಬೆಂಚಿನಲ್ಲಿದ್ದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೂ ಇಂಟರ್‌ವ್ಯೂಗೆ ಕರೆಯುವ ಕಂಪನಿಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಷ್ಟಿವೆ?