ಪಾಠಶಾಲೆಯ ದಾರಿ

ಬೇಸಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆದೊಡನೆ ನಮ್ಮ ಪಟ್ಟಣಗಳಲ್ಲಿ ವರ್ಷ ವರ್ಷವೂ ಕಾಣಬರುವ ದೃಶ್ಯವೊಂದುಂಟು. ಬೆಳಗಿನ ಗಂಟೆ ಬಾರಿಸುವ ಹೊತ್ತಿಗೆ ಶಾಲೆಯ ಮುಂದೆ ಕಾರು, ಆಟೋರಿಕ್ಷಾ, ಮೂವರನ್ನು ಹೊತ್ತ ಸ್ಕೂಟರುಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ನಡೆದು ಬರುವ ಮಗು ಬೆನ್ನಿನ ಪುಸ್ತಕದ ಹೊರೆಯೊಡನೆ ಇವುಗಳ ನಡುವೆ ನುಸುಳಿ ಒಳಸೇರಬೇಕು. ರಸ್ತೆ ಅಪಾಯಕರವೆಂದು ತಂದೆಯು ತನ್ನ ಮಗುವನ್ನು ಕಾರಿನಲ್ಲಿ ಕರೆತರುತ್ತಾನೆ. ಆ ಕಾರೇ ಮತ್ತೊಬ್ಬರ ಮಗುವಿಗೆ ಅಪಾಯವಾಗುತ್ತದೆ. ಅದನ್ನು ಕಂಡು ಆ ಮತ್ತೊಬ್ಬನೂ ಸಾಲ ಮಾಡಿ ವಾಹನ ಕೊಳ್ಳುತ್ತಾನೆ. ಈ ವಿಷಚಕ್ರವನ್ನು ನಿಲ್ಲಿಸುವ ಬಗೆ ಯಾವುದೆಂಬುದನ್ನು ಇಂದು ವಾಚಕ ಮಹಾಶಯರ ವಿಚಾರಕ್ಕೆ ಇಡುತ್ತೇವೆ.

ಭಯವು ನಿರಾಧಾರವೆಂದು ನಾವು ಹೇಳುವುದಿಲ್ಲ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಅಸುನೀಗಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಹದಿನೆಂಟು ತುಂಬದವರ ಸಂಖ್ಯೆ ಒಂಬತ್ತೂವರೆ ಸಾವಿರಕ್ಕೆ ಕಡಮೆಯಿಲ್ಲ. ಆದರೆ ಭಯಪಟ್ಟು ಮಕ್ಕಳನ್ನು ವಾಹನವೇರಿಸುವುದು ಪರಿಹಾರವಲ್ಲವೆಂಬುದಕ್ಕೆ ಅಮೇರಿಕ ದೇಶವೇ ಸಾಕ್ಷಿ. ಅಲ್ಲಿ 1969ರಲ್ಲಿ ಐದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 48 ಮಂದಿ ನಡೆದೋ ಸೈಕಲ್ಲಿನಲ್ಲೋ ಶಾಲೆಗೆ ಹೋಗುತ್ತಿದ್ದರು. 2009ರ ವೇಳೆಗೆ ಅವರು 13 ಮಂದಿಗೆ ಇಳಿದಿದ್ದರು. ಹಾಗೆ ಕಳೆದುಹೋದ ರೂಢಿಯನ್ನು ಮರಳಿ ತರಲು ಆ ಸರಕಾರವು 2005ರಿಂದ ಹಣ ಸುರಿಯಬೇಕಾಯಿತು.

ಇದಕ್ಕೆ ಬೇರೆ ದೇಶದವರು ಕಂಡುಕೊಂಡಿರುವ ಉಪಾಯ ಬಹು ಸರಳವಾದುದು. ಜಪಾನಿನ ಅನೇಕ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ಕೇರಿಯ ಗೊತ್ತಾದ ಸ್ಥಳದಲ್ಲಿ ಗೊತ್ತಾದ ವೇಳೆಗೆ ಕೂಡಿ, ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಮುಂದಿಟ್ಟುಕೊಂಡು ಸಾಲಾಗಿ ನಡೆಯುತ್ತಾರೆ. ರಸ್ತೆ ಕೂಡುವೆಡೆಗಳಲ್ಲಿ ತಾಯ್ತಂದೆಗಳೂ ಊರ ವೃದ್ಧರೂ ಬಾವುಟ ಹಿಡಿದು ನಿಂತು ಅವರನ್ನು ದಾಟಿಸುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಖ್ಟ್ ಎಂಬವರು 1990ರ ದಶಕದ ಆದಿಯಲ್ಲಿ ಇಂಥದನ್ನೇ ‘ನಡೆಯುವ ಶಾಲಾ ಬಸ್ಸು’ ಎಂದು ಕರೆದು ಪ್ರಚಾರಕ್ಕೆ ತಂದರು. 1998ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಅದು ಆರಂಭವಾಯಿತು. ಬಸ್ಸಿಗಿರುವಂತೆ ಇದಕ್ಕೂ ಮಾರ್ಗವುಂಟು, ವೇಳೆಯುಂಟು, ನಿಲ್ದಾಣಗಳುಂಟು. ಹಿರಿಯರೊಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ಮಕ್ಕಳು ಚಿಕ್ಕವರಾದಷ್ಟೂ ಜೊತೆಗಿರುವ ಹಿರಿಯರ ಸಂಖ್ಯೆ ಹೆಚ್ಚಬೇಕು. ಹತ್ತು ಮನೆಯವರು ಸರದಿಯಂತೆ ಹೊರಟರೆ ಒಂದೊಂದು ಮನೆಗೆ ಬೀಳುವ ಶ್ರಮ ವಾರಕ್ಕೆ ಒಂದೆರಡು ಬೆಳಗು ಮಾತ್ರ.

ನಮ್ಮ ನಾಡಿಗೆ ಇದು ಹೊಸದಲ್ಲ. ಹಳ್ಳಿಯ ಮಕ್ಕಳು ಇಂದಿಗೂ ಅಕ್ಕನ ಕೈ ಹಿಡಿದು, ನೆರೆಮನೆಯ ಅಣ್ಣನ ಬೆನ್ನು ಹಿಡಿದು ಗುಂಪಾಗಿಯೇ ಶಾಲೆಗೆ ಹೋಗುತ್ತಾರೆ. ಒಂಟಿಯಾಗಿ ಕಳುಹಿಸಲು ಅಂಜಿ ಹೆಣ್ಣುಮಕ್ಕಳ ಓದನ್ನು ನಡುವೆಯೇ ನಿಲ್ಲಿಸುವ ಮನೆಗಳಿಗೆ ಜೊತೆಯುಂಟೆಂಬ ಧೈರ್ಯವೇ ದೊಡ್ಡ ಆಸರೆ.

ಹಾಗಾದರೆ ಮಕ್ಕಳನ್ನು ಸಾಲು ನಿಲ್ಲಿಸಿದರೆ ಕೆಲಸ ಮುಗಿಯಿತೆ? ಇಲ್ಲ. 2012ರ ಏಪ್ರಿಲಿನಲ್ಲಿ ಜಪಾನಿನ ಕಾಮೆಯೋಕಾದಲ್ಲಿ ಸಾಲಾಗಿ ಶಾಲೆಗೆ ನಡೆಯುತ್ತಿದ್ದ ಮಕ್ಕಳ ಮೇಲೆಯೇ ಕಾರು ಹರಿಯಿತು. 2021ರ ಜೂನಿನಲ್ಲಿ ಯಾಚಿಮಾತದಲ್ಲಿ ಕುಡಿದ ಚಾಲಕನ ಲಾರಿ ಶಾಲೆಯಿಂದ ಮರಳುವ ಮಕ್ಕಳಿಗೆ ಬಡಿದು ಇಬ್ಬರು ಸತ್ತರು. ದುರಂತದ ತರುವಾಯ ಆ ಸರಕಾರವು ದೇಶದ ಶಾಲಾಮಾರ್ಗಗಳನ್ನೆಲ್ಲ ತಪಾಸಣೆ ಮಾಡಿಸಿತೆಂಬುದು ಗಮನಾರ್ಹ. ನಮ್ಮಲ್ಲಿಯೂ 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿದ ಹೊಳೆಯ ಪಾಲಾದಳು. ಸೇತುವೆಯಿಲ್ಲದ ಕಡೆ ಎಷ್ಟು ಮಂದಿ ಕೂಡಿ ನಡೆದರೇನು? ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಅನುಭವವೂ ಪಾಠ ಕಲಿಸುವಂಥದು. ಅಲ್ಲಿ ಈ ನಡಿಗೆಯ ಸಂಘಗಳು ಅನುಕೂಲವಂತರ ಬಡಾವಣೆಗಳಲ್ಲಿ ಹುಲುಸಾಗಿ ಬೆಳೆದವು. ಮಕ್ಕಳಿಗೆ ಪೆಟ್ಟಾಗುವುದು ಹೆಚ್ಚಿರುವ ಬಡವರ ಬಡಾವಣೆಗಳಲ್ಲಿ ವಿರಳವಾದವು. ಬೆಳಗ್ಗೆ ಆರಕ್ಕೇ ಕೂಲಿಗೆ ಹೊರಡುವ ತಾಯಿಯು ಸರದಿ ನಿಲ್ಲುವುದಾದರೂ ಹೇಗೆ?

ಆದುದರಿಂದ ಈ ಕಾರ್ಯವನ್ನು ಪೋಷಕರ ಉತ್ಸಾಹಕ್ಕೆ ಮಾತ್ರ ಬಿಡತಕ್ಕದ್ದಲ್ಲ. ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು ಐದನೆಯ ತರಗತಿಯವರೆಗಿನ ಶಾಲೆ 1 ಕಿಲೋಮೀಟರು, ಎಂಟರವರೆಗಿನದು 3 ಕಿಲೋಮೀಟರು ನಡಿಗೆಯ ದೂರದೊಳಗಿರಬೇಕೆನ್ನುತ್ತವೆ. ದಾರಿಯಲ್ಲಿ ನೆರೆ, ಭೂಕುಸಿತಗಳ ಅಪಾಯವಿದ್ದರೆ ಆ ಮಿತಿಯನ್ನೂ ತಗ್ಗಿಸಬೇಕೆನ್ನುತ್ತವೆ. ದೂರವನ್ನು ಮಗುವಿನ ಕಾಲಿನಿಂದ ಅಳೆದ ಸರಕಾರವು ಆ ಕಾಲು ಊರುವ ನೆಲವನ್ನೂ ನೋಡಬೇಡವೆ? ಅಡೆತಡೆಯಿಲ್ಲದ ಕಾಲುದಾರಿಯು ಸಂವಿಧಾನದ 21ನೆಯ ವಿಧಿಯೊಳಗೆ ಅಡಕವಾದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ನಡೆಯಲು 1.8 ಮೀಟರು ತೆರವು ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡವೂ ಹೇಳುತ್ತದೆ. ನಮ್ಮ ಪಟ್ಟಣಗಳಲ್ಲಿ ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರು, ಕಸದ ರಾಶಿ, ನಿಲ್ಲಿಸಿದ ಮೋಟಾರು ಸೈಕಲ್ಲುಗಳಿವೆ.

ನಮ್ಮ ಸೂಚನೆ ಇಷ್ಟೆ. ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿಗಳು ಹೇಗೂ ಇವೆ. ಅವು ಕೇರಿಗೊಂದರಂತೆ ಮಕ್ಕಳ ತಂಡಗಳನ್ನೂ ನಿಲ್ದಾಣಗಳನ್ನೂ ಗೊತ್ತುಮಾಡಲಿ. ನಿವೃತ್ತ ಉಪಾಧ್ಯಾಯರೂ ಬಿಡುವುಳ್ಳ ಹಿರಿಯರೂ ಮುಂದೆ ಬರಲಿ; ಕೂಲಿಕಾರರ ಕೇರಿಗಳಲ್ಲಿ ಜೊತೆ ನಡೆಯುವವರಿಗೆ ಪುರಸಭೆ, ಪಂಚಾಯಿತಿಗಳು ಸಂಭಾವನೆ ಕೊಡಲಿ. ಆ ಮಾರ್ಗಗಳ ಕಾಲುದಾರಿಯನ್ನು ಮೊದಲು ತೆರವು ಮಾಡಿಸಿ, ಗಂಟೆಗೆ ಮುಂಚಿನ ಅರ್ಧ ತಾಸು ಶಾಲೆಯ ಬೀದಿಗೆ ವಾಹನ ಬಾರದಂತೆ ಪೊಲೀಸಿನವರು ನೋಡಿಕೊಳ್ಳಲಿ. ಮಲೆನಾಡು ಕರಾವಳಿಗಳಲ್ಲಿ ಕಾಲುಸಂಕಗಳ ಬದಲಿಗೆ ಸೇತುವೆಯಾಗುವ ತನಕ ಮಳೆಗಾಲದಲ್ಲಿ ಅಲ್ಲಿ ಹಿರಿಯರೊಬ್ಬರು ತಪ್ಪದೆ ನಿಲ್ಲುವ ಏರ್ಪಾಡಾಗಲಿ.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ನಮ್ಮ ಪುರಸಭೆಯ ಅಧಿಕಾರಿಗಳಿಗೆ ಸಂದೇಹವಿದ್ದರೆ, ಒಂದು ದಿನ ಬೆಳಗ್ಗೆ ತಮ್ಮ ಜೀಪನ್ನು ಕಚೇರಿಯಲ್ಲಿಯೇ ಬಿಟ್ಟು, ಒಂದನೆಯ ತರಗತಿಯ ಮಗುವೊಂದರ ಕೈಹಿಡಿದು, ಅದರ ಮನೆಯಿಂದ ಶಾಲೆಯ ತನಕ ನಡೆದು ನೋಡಲಿ. ಆ ಬಳಿಕ ವರದಿ ಬರೆಸುವ ಅವಶ್ಯಕತೆಯೇ ಉಳಿಯಲಾರದು.