ಕಾಣುವ ಬಿಳುಪು, ಕಾಣದ ಕೆಡುಕು

ಲಿಂಗಪೂಜೆಯ ತಂಬಿಗೆಯ ಅಂಚಿನಲ್ಲಿ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಕೊಳವೆಬಾವಿಯ ನೀರು ಬಳಸುವ ನಾವೆಲ್ಲರೂ ಬಲ್ಲೆವು. ‘ಪಾತ್ರೆಗೇ ಹೀಗಾದರೆ ಹೊಟ್ಟೆಯೊಳಗೆ ಏನಾದೀತು?’ ಎಂಬ ಅಂಜಿಕೆ ಮನೆಮನೆಗಳಲ್ಲಿದೆ. ನಾವು ಅಂಜಬೇಕಾದುದು ಈ ಪೊರೆಗಲ್ಲ ಎಂಬುದು ನಮ್ಮ ಅಭಿಪ್ರಾಯ.

ಮಳೆನೀರು ನೆಲದಾಳಕ್ಕೆ ಇಳಿಯುವಾಗ ಕಲ್ಲುಮಣ್ಣುಗಳಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅದೇ ಗಡಸು ನೀರು. ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ತಳದಲ್ಲಿ ಕೂರುತ್ತದೆ. ಈ ಖನಿಜಗಳು ದೇಹಕ್ಕೆ ಬೇಕಾದವುಗಳೇ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ವಿಧಿಸಿ, ಬೇರೆ ಜಲಮೂಲವಿಲ್ಲದೆಡೆ 600ರವರೆಗೂ ಸಮ್ಮತಿಸುತ್ತದೆ. ಬೇಳೆ ಬೇಗ ಬೇಯದು, ಸಾಬೂನು ನೊರೆಗಟ್ಟದು, ಗೀಸರ್ ಬೇಗ ಕೆಡುವುದು ನಿಜ. ಪೊರೆಯಾದರೋ ನಿಂಬೆರಸಕ್ಕೆ, ಹುಣಸೆಹುಳಿಗೆ ಕರಗುತ್ತದೆ.

ಆದರೆ ಅದೇ ನೀರಿನಲ್ಲಿ ಬಣ್ಣ, ವಾಸನೆ, ಪೊರೆ ಯಾವುದರ ಸುಳಿವೂ ಇಲ್ಲದೆ ಫ್ಲೋರೈಡ್ ಅಡಗಿರಬಲ್ಲದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿದು ಬೆನ್ನೇ ಬಾಗಬಹುದು. ಪಾವಗಡ, ಮುಂಡರಗಿ ಸೀಮೆಯವರಿಗೆ ಇದು ಕೇಳಿದ ಮಾತಲ್ಲ, ಕಂಡ ನೋವು. ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಔಷಧವಿಲ್ಲ. ಕಾಯಿಸುವುದಾಗಲಿ ಬಟ್ಟೆಯಲ್ಲಿ ಸೋಸುವುದಾಗಲಿ ಇದಕ್ಕೆ ಪರಿಹಾರವಲ್ಲ.

ಆದುದರಿಂದ ಯಂತ್ರ ಕೊಳ್ಳುವ ಮುನ್ನ ನೀರನ್ನು ಪರೀಕ್ಷಿಸಬೇಕು. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಕೇಳಿರಿ. ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿರಿ. ಫ್ಲೋರೈಡ್ ಮಿತಿ ಮೀರಿದ್ದರೆ ಆರ್‌ಒ ಶುದ್ಧೀಕರಣ ಬೇಕೇ ಬೇಕು. ಬರಿಯ ಬಿಳುಪಿಗೆ ಹೆದರಿ ಅದನ್ನು ಕೂರಿಸುವುದು ಮಾತ್ರ ಸಲ್ಲದು. ಮನೆಗಳಲ್ಲಿನ ಅನೇಕ ಯಂತ್ರಗಳು ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತವೆ. ಬರದ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಯಂತ್ರ ಅನಿವಾರ್ಯವಾದಲ್ಲಿ ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ ಬಳಕೆಯಾಗಲಿ. ಮಾಳಿಗೆಯ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟರೆ ಅದರಲ್ಲಿ ಗಡಸೂ ಇಲ್ಲ, ನೆಲದ ಫ್ಲೋರೈಡೂ ಇಲ್ಲ. ಕುಡಿಯುವ ಮುನ್ನ ಕಾಯಿಸಿ ಆರಿಸಿದರಾಯಿತು.

ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಪರಂಪರೆ ನಮ್ಮದು. ನೀರನ್ನು ಪೂಜ್ಯವೆಂದು ಭಾವಿಸುವ ನಾವು ಅದರ ಗುಣವನ್ನು ಅರಿಯದೆ ಮಕ್ಕಳಿಗೆ ಕುಡಿಸುವುದು ತರವಲ್ಲ. ಭಕ್ತಿಯ ಜೊತೆಗೆ ಅರಿವೂ ಇರಲಿ. ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬರುವಷ್ಟರಲ್ಲಿ ನಿಮ್ಮ ಓಣಿಯ ಕೊಳವೆಬಾವಿಯ ನೀರು ಪರೀಕ್ಷೆಯಾಗಿರಲಿ ಎಂಬುದು ನಮ್ಮ ವಿನಂತಿ.